ನಡಿಗೆ ಮೊದಲು, ಡ್ರೈವ್ ಆಮೇಲೆ: ಜಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಸುತ್ತಿ ಬರುವ ಬಗೆ

ಲಾಸ್ ವೇಗಸ್‌ನಿಂದ ಹೊರಟು ಅಮೆರಿಕದ ರಾಷ್ಟ್ರೀಯ ಉದ್ಯಾನಗಳಾದ (ನ್ಯಾಷನಲ್ ಪಾರ್ಕ್) ಜಯಾನ್, ಬ್ರೈಸ್ ಕ್ಯಾನ್ಯನ್, ಗ್ರ್ಯಾಂಡ್ ಕ್ಯಾನ್ಯನ್, ನಡುವಿನ ಪೇಜ್ ಊರು ನೋಡಿಕೊಂಡು ಮತ್ತೆ ವೇಗಸ್‌ಗೆ ಬರುವ ಸುತ್ತು 800 ಮೈಲಿ ಚಿಲ್ಲರೆ, ಅಂದರೆ ಸುಮಾರು 1,300 ಕಿಲೊಮೀಟರ್. ರಸ್ತೆ ಚೆನ್ನಾಗಿರುವುದರಿಂದ ಮೂರೇ ದಿನಕ್ಕೆ ಮುಗಿಸುವವರಿದ್ದಾರೆ. ಹಾಗೆ ಮುಗಿಸಿದರೆ ಕೈಗೆ ಸಿಗುವುದು ಕಟಕಟೆಗೆ ಒರಗಿ ತೆಗೆಸಿಕೊಂಡ ಫೋಟೊಗಳು ಮಾತ್ರ. ಈ ಕಮರಿಗಳ ಆಳ ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅರ್ಧ ಗಂಟೆಯಾದರೂ ಕೆಳಗಿಳಿದು, ತಲೆಯೆತ್ತಿ ನೋಡಬೇಕು.

ಹಾಗಾಗಿ ಯೋಜನೆಯನ್ನು ಗೂಗಲ್ ಮ್ಯಾಪಿನಿಂದ ಶುರು ಮಾಡಬೇಡಿ. ಯಾವ ಊರಿನಲ್ಲಿ ಯಾವ ಟ್ರೇಲ್ (ಕಾಲ್ದಾರಿ) ನಡೆಯುತ್ತೀರಿ, ಅದನ್ನು ಬೆಳಿಗ್ಗೆ ಎಷ್ಟು ಹೊತ್ತಿಗೆ ಶುರು ಮಾಡಬೇಕು ಎಂಬುದನ್ನು ಮೊದಲು ಬರೆದಿಡಿ. ಹಿಂದಿನ ರಾತ್ರಿ ಆ ಟ್ರೇಲಿಗೆ ಹತ್ತಿರದ ಊರಿನಲ್ಲಿ ಉಳಿಯುವಂತೆ ಹೋಟೆಲ್ ಹಿಡಿಯಿರಿ. ಡ್ರೈವ್ ಎಲ್ಲ ಮಧ್ಯಾಹ್ನಕ್ಕೆ ಬೀಳಲಿ. ಇಲ್ಲಿ ಬಿಸಿಲು, ಜನಜಂಗುಳಿ, ಪಾರ್ಕಿಂಗ್ ಮೂರೂ ಬೆಳಿಗ್ಗೆ ಒಂಬತ್ತರ ಮೇಲೆ ಕೆಡುತ್ತವೆ; ಅಷ್ಟರೊಳಗೆ ಕಾಲು ದಾರಿಯ ಮೇಲಿರಬೇಕು, ಕಾರು ಎಲ್ಲಾದರೂ ನಿಂತಿರಬೇಕು. ಈ ಲೆಕ್ಕದಲ್ಲಿ ಏಳು ದಿನ ಬೇಕು. ಆರು ದಿನಕ್ಕೂ ಆಗುತ್ತದೆ, ಐದಕ್ಕೆ ಇಳಿಸಿದರೆ ಒಂದು ಪಾರ್ಕನ್ನು ಬಿಟ್ಟುಬಿಡಿ. ಎಲ್ಲವನ್ನೂ ಓಡುತ್ತ ನೋಡುವುದಕ್ಕಿಂತ ಅದೇ ವಾಸಿ.

ಯಾವಾಗ ಹೋಗಬೇಕು

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ಮೂರು ವಾರ ಎಲ್ಲಕ್ಕಿಂತ ಒಳ್ಳೆಯದು. ಏಪ್ರಿಲ್, ಮೇ ಕೂಡ ಹಿತವಾಗಿರುತ್ತದೆ, ಆದರೆ ಆಗ ಬೆಟ್ಟದ ಹಿಮ ಕರಗಿ ಜಯಾನ್ ಕಣಿವೆಯ ವರ್ಜಿನ್ ನದಿ ತುಂಬಿಕೊಳ್ಳುತ್ತದೆ. ಜಯಾನ್‌ನ ನ್ಯಾರೋಸ್ ಎಂಬ ನದಿಯೊಳಗಿನ ನಡಿಗೆ ವಾರಗಟ್ಟಲೆ ಮುಚ್ಚಿರಬಹುದು. ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಇಲ್ಲಿಯೂ ಮಾನ್ಸೂನ್ ಇದೆ. ನಮ್ಮ ಕಡೆಯಂತೆ ದಿನವಿಡೀ ಹಿಡಿದು ಸುರಿಯುವ ಮಳೆಯಲ್ಲ. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕಟ್ಟಿ, ಗುಡುಗು ಸಿಡಿಲಿನೊಂದಿಗೆ ಅರ್ಧ ಗಂಟೆ ರಾಚಿ ಹೋಗುತ್ತದೆ. ಬಂಡೆ ನೀರನ್ನು ಹೀರುವುದಿಲ್ಲವಾದ್ದರಿಂದ ಬಿದ್ದದ್ದೆಲ್ಲ ಕಿರಿದಾದ ಕಮರಿಗಳಿಗೆ ನುಗ್ಗುತ್ತದೆ. ಚಳಿಗಾಲದಲ್ಲಿ ಜನ ಕಡಿಮೆ, ಹಿಮ ಹೊದ್ದ ಬ್ರೈಸ್ ನೋಡಲು ಬಲು ಚೆಂದ. ಆದರೆ ಶೂಗೆ ಸಿಕ್ಕಿಸುವ ಮೊಳೆಪಟ್ಟಿ ಇಲ್ಲದೆ ಅಲ್ಲಿ ಕೆಳಗಿಳಿಯಲಾಗದು.

ಪಾಸ್, ಪರ್ಮಿಟ್, ಬುಕಿಂಗ್

ಜಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರಕ್ಕೂ ಒಂದೊಂದು ಕಾರಿಗೆ 35 ಡಾಲರ್ ಪ್ರವೇಶ ಶುಲ್ಕ, ಏಳು ದಿನದ ಮಟ್ಟಿಗೆ. ಮೂರು ಸೇರಿ 105 ಡಾಲರ್ ಆಗುವುದರಿಂದ ಅಮೆರಿಕದಲ್ಲೇ ನೆಲೆಸಿರುವವರು 80 ಡಾಲರಿನ ‘ಅಮೆರಿಕ ದ ಬ್ಯೂಟಿಫುಲ್’ ವಾರ್ಷಿಕ ಪಾಸ್ ತೆಗೆದುಕೊಳ್ಳುವುದೇ ಲಾಭ. ಭಾರತದಿಂದ ಪ್ರವಾಸಕ್ಕೆಂದು ಬರುವವರಿಗೆ ಲೆಕ್ಕ ಬೇರೆ. 2026ರ ಜನವರಿ 1ರಿಂದ ಹೊರದೇಶದವರಿಗೆ ಈ ಪಾಸಿನ ಬೆಲೆ 250 ಡಾಲರ್. ಪಾಸ್ ಇಲ್ಲದೆ ಬಂದರೆ 11 ದೊಡ್ಡ ಪಾರ್ಕುಗಳಲ್ಲಿ ಮಾಮೂಲಿ ಶುಲ್ಕದ ಮೇಲೆ 16 ವರ್ಷ ದಾಟಿದ ಪ್ರತಿಯೊಬ್ಬರಿಗೂ ತಲೆಗೆ 100 ಡಾಲರ್ ಹೆಚ್ಚುವರಿ. ನಮ್ಮ ಮೂರೂ ಪಾರ್ಕುಗಳು ಆ 11ರಲ್ಲಿವೆ. ಗಂಡ ಹೆಂಡತಿ ಇಬ್ಬರೇ ಹೋದರೂ ಹೆಚ್ಚುವರಿಯೇ 600 ಡಾಲರ್ ಆಗುವುದರಿಂದ ಪಾಸ್ ತೆಗೆದುಕೊಳ್ಳದೆ ಗೇಟಿಗೆ ಹೋಗಬೇಡಿ. ಪಾಸಿನ ಜೊತೆ ಫೋಟೊ ಇರುವ ಗುರುತಿನ ಚೀಟಿ ಕೇಳುತ್ತಾರೆ, ಕೈಗೆ ಸಿಗುವಂತಿರಲಿ. ಪೇಜ್ ಊರಿನ, ಕೊಲೊರಾಡೊ ನದಿ ಕುದುರೆ ಲಾಳದಂತೆ ತಿರುಗುವ ಹಾರ್ಸ್‌ಶೂ ಬೆಂಡ್ ಪಾರ್ಕಿಂಗ್‌ಗೂ ಅಲ್ಲಿನ ಕಿರಿದಾದ ಕಮರಿ ಆ್ಯಂಟಲೋಪ್ ಕ್ಯಾನ್ಯನ್‌ಗೂ ಈ ಪಾಸ್ ನಡೆಯುವುದಿಲ್ಲ.

ಜಯಾನ್‌ನ ಏಂಜಲ್ಸ್ ಲ್ಯಾಂಡಿಂಗ್ ಎಂಬ ಬಂಡೆಬೆಟ್ಟದ ತುದಿಗೆ ಹತ್ತಲು 2022ರ ಏಪ್ರಿಲ್‌ನಿಂದ ಪರ್ಮಿಟ್ ಕಡ್ಡಾಯ. ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಲಾಟರಿ ಎತ್ತುತ್ತಾರೆ. ತಿಂಗಳುಗಳ ಮುಂಚೆ ಹಾಕುವ ಋತುವಾರು ಲಾಟರಿ ಒಂದು, ಹಿಂದಿನ ದಿನ ಮಧ್ಯಾಹ್ನ 3ರೊಳಗೆ ಹಾಕುವುದು ಇನ್ನೊಂದು. ಅರ್ಜಿಗೆ 6 ಡಾಲರ್, ಬಂದರೆ ತಲೆಗೆ 3 ಡಾಲರ್. ಹಿಂದಿನ ದಿನದ್ದರ ಫಲಿತಾಂಶ ಸಂಜೆ 4ಕ್ಕೇ ಬರುವುದರಿಂದ ಮೊದಲನೆಯದರಲ್ಲಿ ಬರಲಿಲ್ಲವೆಂದು ಕೈಬಿಡಬೇಡಿ. ಆ್ಯಂಟಲೋಪ್ ಕ್ಯಾನ್ಯನ್ ನವಾಹೊ ಎಂಬ ಮೂಲನಿವಾಸಿ ಜನರ ನೆಲ, ಅವರ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ, ಟೂರ್ ಮುಂಗಡವಾಗಿ ಹಿಡಿಯಬೇಕು. ಗ್ರ್ಯಾಂಡ್ ಕ್ಯಾನ್ಯನ್ ಅಂಚಿನ ಮೇಲಿರುವ ಲಾಡ್ಜುಗಳು ವರ್ಷದ ಮುಂಚೆಯೇ ತುಂಬತೊಡಗುತ್ತವೆ. ಸಿಗದಿದ್ದರೆ ಗೇಟಿನ ಹೊರಗಿನ ಟುಸಾಯನ್ ಊರು ಸಾಕು.

ಕಾರು

ಈ ಸುತ್ತಿನ ರಸ್ತೆಯೆಲ್ಲ ಡಾಂಬರು. ದೊಡ್ಡ ಎಸ್‌ಯುವಿ ಬೇಕಿಲ್ಲ. ನಾಲ್ಕು ಜನಕ್ಕೆ ಮಧ್ಯಮ ಸೆಡಾನ್ ಧಾರಾಳ. ಭಾರತದ ಲೈಸೆನ್ಸ್ ಇರುವವರು ಹೊರಡುವ ಮುನ್ನ ಊರಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಅದು ಒಂದು ವರ್ಷಕ್ಕೆ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ರೆಂಟಲ್ ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಿನಲ್ಲೇ ಇರಬೇಕು. ಡೆಬಿಟ್ ಕಾರ್ಡ್ ಆದರೆ ತಕರಾರು, 25 ವರ್ಷದೊಳಗಿನವರಿಗೆ ದಿನದ ಲೆಕ್ಕದಲ್ಲಿ ಹೆಚ್ಚುವರಿ ದುಡ್ಡು. ಇನ್ಶೂರೆನ್ಸ್ ಎರಡು ಬಗೆ: ರೆಂಟಲ್ ಕಾರಿಗೆ ಪೆಟ್ಟಾದರೆ ಒಂದು, ಎದುರಿನವರಿಗೆ ಪೆಟ್ಟಾದರೆ ಇನ್ನೊಂದು. ಕಾರ್ಡುಗಳು ಕೊಡುವ ಉಚಿತ ವಿಮೆ ಸಾಮಾನ್ಯವಾಗಿ ಮೊದಲನೆಯದು ಮಾತ್ರ. ಭಾರತದಿಂದ ಬಂದವರು ಎರಡನೆಯದನ್ನು ಉಳಿತಾಯ ಮಾಡಲು ಹೋಗಬೇಡಿ.

ಕಾರು ತೆಗೆದುಕೊಳ್ಳುವಾಗ ಡಿಕ್ಕಿಯ ತಳ ಎತ್ತಿ ನೋಡಿ. ಈಗಿನ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಗಾಳಿ ತುಂಬುವ ಒಂದು ಪುಟ್ಟ ಯಂತ್ರ ಇಟ್ಟಿರುತ್ತಾರೆ. ಬದಲಿಸಿ ಕೊಡುವಂತಿದ್ದರೆ ಸ್ಟೆಪ್ನಿ ಇರುವುದನ್ನೇ ಕೇಳಿ. ವೇಗಸ್‌ನ ಸೆಕೆಯಲ್ಲಿ ಸರಿಯಿದ್ದ ಟೈರು ಬ್ರೈಸ್‌ನ ಚಳಿಯ ಬೆಳಗಿನಲ್ಲಿ ಒತ್ತಡ ಕಡಿಮೆಯೆಂದು ಹಳದಿ ದೀಪ ತೋರಿಸುತ್ತದೆ. ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಂತೆ ಸುಮಾರು 1 ಪಿಎಸ್‌ಐ ಕುಸಿಯುವುದೇ ಕಾರಣ. ಕಣ್ಣಿಗೆ ಟೈರು ಚಪ್ಪಟೆಯಾಗಿ ಕಾಣದಿದ್ದರೆ ಗಾಬರಿ ಬೇಡ. ಹತ್ತಿರದ ಗ್ಯಾಸ್ ಸ್ಟೇಷನ್ನಿನಲ್ಲಿ, ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿ ಬರೆದಷ್ಟಕ್ಕೆ ಗಾಳಿ ತುಂಬಿ.

ಪೆಟ್ರೋಲಿಗೆ ಇಲ್ಲಿ ಗ್ಯಾಸ್ ಎನ್ನುತ್ತಾರೆ, ನಾವೇ ಹಾಕಿಕೊಳ್ಳಬೇಕು. ಪಂಪಿಗೆ ಕಾರ್ಡ್ ಹಾಕಿದರೆ ಜಿಪ್ ಕೋಡ್ (ಇಲ್ಲಿನ ಪಿನ್‌ಕೋಡ್) ಕೇಳುತ್ತದೆ. ಭಾರತದ ಕಾರ್ಡಿಗೆ ಐದಂಕಿಯ ಜಿಪ್ ಇಲ್ಲದ್ದರಿಂದ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಆಗ ಪಂಪಿನ ನಂಬರು ನೋಡಿಕೊಂಡು ಅಂಗಡಿಯೊಳಗೆ ಹೋಗಿ, ‘ನಾಲ್ಕನೇ ಪಂಪಿಗೆ 40 ಡಾಲರ್’ ಎಂದು ಕಾರ್ಡ್ ಅಥವಾ ನಗದು ಕೊಡಿ. ಹೊರಗೆ ಬಂದು ನಳಿಕೆ ಎತ್ತಿ, ದರ್ಜೆಯ ಗುಂಡಿ ಒತ್ತಿ, ಟ್ಯಾಂಕಿಗಿಟ್ಟು ಹಿಡಿ ಒತ್ತಿದರೆ ತುಂಬಿದಾಗ ತಾನೇ ನಿಲ್ಲುತ್ತದೆ. 40 ಡಾಲರ್ ಹಿಡಿಸದಿದ್ದರೆ ಉಳಿದದ್ದು ವಾಪಸ್ ಬರುತ್ತದೆ. ಹಸಿರು ಹಿಡಿಕೆ ಸಾಮಾನ್ಯವಾಗಿ ಡೀಸೆಲ್‌ನದು, ಮುಟ್ಟಬೇಡಿ. ಯೂಟಾ ರಾಜ್ಯದ ಎತ್ತರದ ಊರುಗಳಲ್ಲಿ ಅಗ್ಗದ ‘ರೆಗ್ಯುಲರ್’ 85 ಆಕ್ಟೇನ್ ಇರುತ್ತದೆ. ಟ್ಯಾಂಕಿನ ಮುಚ್ಚಳದ ಮೇಲೆ 87 ಎಂದಿದ್ದರೆ ಒಂದು ದರ್ಜೆ ಮೇಲಿನದನ್ನೇ ಹಾಕಿ. ಹರಿಕೇನ್, ಕನಾಬ್, ಪೇಜ್, ಟುಸಾಯನ್ ಈ ನಾಲ್ಕು ಕಡೆ ಅರ್ಧ ಟ್ಯಾಂಕ್ ಇದ್ದರೂ ತುಂಬಿಸಿಕೊಂಡೇ ಮುಂದೆ ಹೋಗಿ.

ಬಲಗಡೆಯ ಡ್ರೈವಿಂಗ್‌ಗೆ ಒಂದೇ ಸೂತ್ರ: ಓಡಿಸುವವರ ಮೈ ಯಾವಾಗಲೂ ರಸ್ತೆಯ ನಡುಗೆರೆಯ ಕಡೆಗಿರಬೇಕು. ದಟ್ಟಣೆಯಲ್ಲಿ ಯಾರೂ ತಪ್ಪುವುದಿಲ್ಲ, ಮುಂದಿನ ಕಾರನ್ನು ನೋಡಿಕೊಂಡು ಹೋಗುತ್ತೇವೆ. ತಪ್ಪಾಗುವುದು ಖಾಲಿ ರಸ್ತೆಯಲ್ಲಿ, ಗ್ಯಾಸ್ ಸ್ಟೇಷನ್ನಿಂದಲೋ ವ್ಯೂಪಾಯಿಂಟಿನಿಂದಲೋ ಹೊರಗೆ ಬರುವಾಗ. ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕ ಕೂತವರು ಪ್ರತಿ ಸಲವೂ ‘ಬಲಕ್ಕೆ’ ಎಂದು ಬಾಯಿಬಿಟ್ಟು ಹೇಳುವುದು ಒಳ್ಳೆಯ ಅಭ್ಯಾಸ. ಸ್ಟಾಪ್ ಫಲಕ ಕಂಡಲ್ಲಿ ಚಕ್ರ ಪೂರ್ತಿ ನಿಲ್ಲಬೇಕು, ನಿಧಾನಿಸಿದರೆ ಸಾಲದು. ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಬಂದವರು ಮೊದಲು, ಒಟ್ಟಿಗೆ ಬಂದರೆ ಬಲಗಡೆಯವರು ಮೊದಲು. ಪೊಲೀಸ್ ಕಾರು ಹಿಂದೆ ದೀಪ ಮಿನುಗಿಸಿದರೆ ಬಲಕ್ಕೆ ನಿಲ್ಲಿಸಿ ಕಾರಿನೊಳಗೇ ಇರಿ, ಎರಡೂ ಕೈ ಸ್ಟೀರಿಂಗ್ ಮೇಲೆ. ನಮ್ಮಲ್ಲಿಯಂತೆ ಇಳಿದು ಮಾತಾಡಲು ಹೋಗುವುದು ಇಲ್ಲಿ ಅಪಾಯ. ಕತ್ತಲಾದ ಮೇಲೆ ಬ್ರೈಸ್, ಕನಾಬ್ ಕಡೆಯ ರಸ್ತೆಗೆ ಜಿಂಕೆಗಳು ಬರುತ್ತವೆ. ಡ್ರೈವ್ ಸೂರ್ಯ ಮುಳುಗುವುದರೊಳಗೆ ಮುಗಿಯಲಿ.

ಗಡಿಯಾರದ ಗೊಂದಲ ಇಲ್ಲಿ ಟೂರನ್ನೇ ತಪ್ಪಿಸಿಬಿಡಬಲ್ಲದು. ವೇಗಸ್ ಇರುವ ನೆವಾಡಾದಿಂದ ಜಯಾನ್, ಬ್ರೈಸ್ ಇರುವ ಯೂಟಾಕ್ಕೆ ಹೋದರೆ ಒಂದು ಗಂಟೆ ಮುಂದೆ. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದೂಡುವುದಿಲ್ಲವಾದ್ದರಿಂದ ಮಾರ್ಚಿನಿಂದ ನವೆಂಬರ್ ಮೊದಲವರೆಗೆ ಪೇಜ್ ಊರು ಯೂಟಾಕ್ಕಿಂತ ಒಂದು ಗಂಟೆ ಹಿಂದೆ, ವೇಗಸ್‌ಗೆ ಸಮ. ಅರಿಜೋನಾದೊಳಗೇ ಇರುವ ನವಾಹೊ ನಾಡು ಮಾತ್ರ ಗಡಿಯಾರ ಮುಂದೂಡುತ್ತದೆ. ಪೇಜ್‌ನಲ್ಲಿ ಕೂತಲ್ಲೇ ಫೋನು ಬೇರೆ ಬೇರೆ ಟವರ್ ಹಿಡಿದು ಒಂದು ಗಂಟೆ ಅತ್ತ ಇತ್ತ ಜಿಗಿಯುತ್ತದೆ. ಫೋನಿನ ಸಮಯವನ್ನು ಕೈಯಾರೆ ‘ಫೀನಿಕ್ಸ್’ಗೆ (ಅರಿಜೋನಾ ಸಮಯ) ಕಟ್ಟಿಹಾಕಿ, ಟೂರ್ ಯಾವ ಸಮಯದ ಲೆಕ್ಕದಲ್ಲಿದೆ ಎಂದು ಬುಕ್ ಮಾಡುವಾಗಲೇ ಖಚಿತಪಡಿಸಿಕೊಳ್ಳಿ. ಸಿಗ್ನಲ್ ಇಲ್ಲದ ಮೈಲಿಗಳು ಬೇಕಾದಷ್ಟಿವೆ, ಇಡೀ ಸುತ್ತಿನ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಕಾಲಿಗೆ, ಬೆನ್ನಿಗೆ, ಹೊಟ್ಟೆಗೆ

ಅಡಿಯಲ್ಲಿ ಹಲ್ಲು ಇರುವ ಟ್ರೇಲ್ ಶೂ ಬೇಕು, ಊರಿನಲ್ಲೇ ಹಾಕಿ ನಡೆದು ಪಳಗಿಸಿರಬೇಕು. ಇಳಿಜಾರಿನಲ್ಲಿ ಬೆರಳು ಶೂ ತುದಿಗೆ ಗುದ್ದಿ ಉಗುರು ಕಪ್ಪಾಗುತ್ತದೆ; ಹೊರಡುವ ಮುನ್ನ ಕಾಲಿನ ಉಗುರು ಕತ್ತರಿಸಿ, ಇಳಿಯುವಾಗ ಕಣಕಾಲಿನ ಹತ್ತಿರ ಲೇಸ್ ಬಿಗಿಯಾಗಿ ಕಟ್ಟಿ. ಹತ್ತಿಯ ಕಾಲುಚೀಲ ಬೆವರು ಹಿಡಿದು ಬೊಬ್ಬೆ ಎಬ್ಬಿಸುತ್ತದೆ, ಉಣ್ಣೆ ಮಿಶ್ರಣದ್ದು ತೆಗೆದುಕೊಳ್ಳಿ.

ನೀರು ತಲೆಗೆ ಗಂಟೆಗೆ ಅರ್ಧ ಲೀಟರ್, ಸುಡುಬಿಸಿಲಿದ್ದರೆ ಒಂದು ಲೀಟರ್. ಆದರೆ ಬರೀ ನೀರನ್ನೇ ಕುಡಿಯುತ್ತಿದ್ದರೆ ರಕ್ತದ ಉಪ್ಪಿನಂಶ ಇಳಿದು ತಲೆನೋವು, ವಾಕರಿಕೆ, ಗಲಿಬಿಲಿ ಶುರುವಾಗುತ್ತದೆ. ನೋಡುವುದಕ್ಕೆ ಬಿಸಿಲು ಬಡಿದ ಹಾಗೆಯೇ ಇರುವುದರಿಂದ ಇನ್ನಷ್ಟು ನೀರು ಕುಡಿಸಿ ಕೆಡಿಸುವುದೇ ಹೆಚ್ಚು. ಪಾರ್ಕಿನ ರೇಂಜರ್‌ಗಳು ಉಪ್ಪಿನ ತಿಂಡಿ ಎಂದು ಒತ್ತಿ ಹೇಳುವುದು ಇದಕ್ಕೇ. ಈ ವಿಷಯದಲ್ಲಿ ನಮ್ಮ ನಿಪ್ಪಟ್ಟು, ಕೋಡುಬಳೆ, ಖಾರ ಹಚ್ಚಿದ ಕಡಲೆಕಾಯಿ ಬೀಜಕ್ಕೆ ಸಾಟಿಯಿಲ್ಲ. ಅರ್ಧ ಗಂಟೆಗೊಮ್ಮೆ ಎರಡು ತುಂಡು ಬಾಯಿಗಿರಲಿ. ಒಂದೆರಡು ಓಆರ್‌ಎಸ್ ಪೊಟ್ಟಣವೂ ಚೀಲದಲ್ಲಿರಲಿ.

ಸಸ್ಯಾಹಾರಿಗಳಿಗೆ ಬ್ರೈಸ್ ಮತ್ತು ಪೇಜ್ ನಡುವೆ ಊಟದ ತೊಂದರೆ. ವೇಗಸ್‌ನ ಭಾರತೀಯ ದಿನಸಿ ಅಂಗಡಿಯಲ್ಲೇ ತೆಳು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮೊಸರು ಕೊಂಡು ಒಂದು ಅಗ್ಗದ ಐಸ್ ಪೆಟ್ಟಿಗೆಗೆ ತುಂಬಿ. ಮೋಟೆಲ್ ಹಿಡಿಯುವಾಗ ಫ್ರಿಜ್, ಮೈಕ್ರೊವೇವ್ ಇರುವುದನ್ನು ನೋಡಿ ಹಿಡಿಯಿರಿ. ಅನ್ನವನ್ನು ಮೈಕ್ರೊವೇವಿನಲ್ಲೇ ಮಾಡಿಕೊಳ್ಳಬಹುದು. ಕೋಣೆಯಲ್ಲಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ.

ಜಯಾನ್: ಎರಡು ರಾತ್ರಿ

ವೇಗಸ್‌ನಿಂದ ಸ್ಪ್ರಿಂಗ್‌ಡೇಲ್‌ಗೆ (ಜಯಾನ್ ಗೇಟಿನ ಪಕ್ಕದ ಊರು) 160 ಮೈಲಿ, ಮೂರು ಗಂಟೆ. ಐ–15 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ ಯೂಟಾದ 16ನೇ ಎಕ್ಸಿಟ್‌ನಲ್ಲಿ ಇಳಿದು ರಾಜ್ಯ ಹೆದ್ದಾರಿ 9 ಹಿಡಿಯಬೇಕು. ನಡುವೆ ಅರಿಜೋನಾದ ಒಂದು ಮೂಲೆಯನ್ನು ದಾಟುವಾಗ ವರ್ಜಿನ್ ನದಿಯ ಕಮರಿಯೊಳಗೆ ರಸ್ತೆ ತಿರುವು ತಿರುವಾಗಿ ಹೋಗುತ್ತದೆ. ಅಲ್ಲಿ ವೇಗ ಇಳಿಸಿ.

ಕಣಿವೆಯೊಳಗಿನ ರಸ್ತೆಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಸ್ವಂತ ಕಾರು ಬಿಡುವುದಿಲ್ಲ, ಶಟಲ್ ಬಸ್ಸೇ ಗತಿ. ಅದಕ್ಕೆ ದುಡ್ಡೂ ಇಲ್ಲ, ಬುಕಿಂಗೂ ಇಲ್ಲ. ವಿಸಿಟರ್ ಸೆಂಟರಿನ ಪಾರ್ಕಿಂಗ್ ಬೇಗ ತುಂಬಿಬಿಡುವುದರಿಂದ ಕಾರನ್ನು ಹೋಟೆಲಿನಲ್ಲೇ ಬಿಟ್ಟು ಊರಿನ ಉಚಿತ ಬಸ್ಸಿನಲ್ಲಿ ಗೇಟಿಗೆ ಬನ್ನಿ. ಮೊದಲ ಬಸ್ಸು ಹತ್ತುವುದೇ ಗುರಿಯಾಗಿರಲಿ.

ಒಂದೇ ದಿನವಿದ್ದರೆ ನ್ಯಾರೋಸ್ ನಡೆಯಿರಿ. ಎರಡೂ ಕಡೆ ನೂರಾರು ಅಡಿ ಎತ್ತರದ ಬಂಡೆಗೋಡೆ, ನಡುವೆ ನದಿಯೇ ದಾರಿ. ಇಂಥದ್ದು ಬೇರೆ ಕಡೆ ಸಿಗುವುದು ಅಪರೂಪ. ಒಂಬತ್ತನೇ ನಿಲ್ದಾಣ, ಟೆಂಪಲ್ ಆಫ್ ಸಿನವಾವದಲ್ಲಿ ಇಳಿದು ಒಂದು ಮೈಲಿ ಸಿಮೆಂಟಿನ ದಾರಿ ನಡೆದರೆ ನೀರು ಶುರು. ಅಲ್ಲಿಂದ ಮೇಲಕ್ಕೆ ಬಿಗ್ ಸ್ಪ್ರಿಂಗ್ಸ್‌ವರೆಗೆ ಪರ್ಮಿಟ್ ಬೇಡ. ಹಿಂದಿನ ಸಂಜೆಯೇ ಸ್ಪ್ರಿಂಗ್‌ಡೇಲ್‌ನ ಅಂಗಡಿಯಲ್ಲಿ ನೀರಿನ ಶೂ, ನಿಯೊಪ್ರಿನ್ ಕಾಲುಚೀಲ, ಉದ್ದನೆಯ ಮರದ ಕೋಲು ಬಾಡಿಗೆಗೆ ತಂದಿಟ್ಟುಕೊಳ್ಳಿ. ಕೋಲು ಬೇಡವೆನ್ನುವವರು ಮೊದಲ ದಾಟಿನಲ್ಲೇ ಮನಸ್ಸು ಬದಲಿಸುತ್ತಾರೆ.

ತಳದ ಕಲ್ಲುಗಳು ಗುಂಡಗೆ, ಪಾಚಿಗಟ್ಟಿ ಜಾರುತ್ತವೆ. ಅವುಗಳ ನೆತ್ತಿಯ ಮೇಲೆ ಕಾಲಿಡಬೇಡಿ. ಎರಡು ಕಲ್ಲುಗಳ ನಡುವಿನ ಸಂದಿಯ ಮರಳಿಗೆ ಪಾದವನ್ನು ಜಾರಿಸಿ ಊರಿ. ದಾಟುವಾಗ ಮುಖ ನೀರು ಬರುವ ಕಡೆಗೆ ತುಸು ತಿರುಗಿರಲಿ, ಕೋಲನ್ನು ಆ ಕಡೆಗೇ ಊರಿ ಅದರ ಮೇಲೆ ಭಾರ ಬಿಡಿ. ಎರಡು ಕಾಲು ಒಂದು ಕೋಲು, ಈ ಮೂರರಲ್ಲಿ ಒಂದು ಹೊತ್ತಿಗೆ ಒಂದನ್ನು ಮಾತ್ರ ಎತ್ತಿ. ನೀರು ಅಗಲವಾಗಿ ಹರಡಿ ಅಲೆಯಲೆಯಾಗಿ ಕಾಣುವ ಕಡೆ ಆಳ ಕಡಿಮೆ. ಕಡು ಹಸಿರಾಗಿ, ನಯವಾಗಿ ಹರಿಯುವ ಕಡೆ ಆಳ ಹೆಚ್ಚು. ನೀರಿನಲ್ಲಿ ಒಂದು ಗಂಟೆಗೆ ಒಂದು ಮೈಲಿ ಸಾಗಿದರೆ ಸರಿಯಾದ ವೇಗ, ಹಾಗಾಗಿ ಹಿಂದಿರುಗುವ ಸಮಯವನ್ನು ಮೊದಲೇ ಗೊತ್ತುಮಾಡಿಕೊಂಡು ಅಷ್ಟು ಹೊತ್ತಿಗೆ ಎಲ್ಲಿದ್ದರೂ ತಿರುಗಿ. ಈ ನದಿಯಲ್ಲಿ ವಿಷಕಾರಿ ಸಯನೊಬ್ಯಾಕ್ಟೀರಿಯಾ ಕಾಣಿಸಿಕೊಂಡಿರುವುದರಿಂದ ನೀರು ಬಾಯಿಗೆ ಹೋಗಬಾರದು, ತಲೆ ಮುಳುಗಿಸಬಾರದು. ಮಕ್ಕಳನ್ನು ಕರೆದೊಯ್ಯುವವರಿಗೆ ಇದು ಮುಖ್ಯ.

ಹೊರಡುವ ಬೆಳಿಗ್ಗೆ ಎರಡು ಅಂಕಿ ನೋಡಲೇಬೇಕು. ಮೊದಲನೆಯದು ನದಿಯ ಹರಿವು: ಸೆಕೆಂಡಿಗೆ 150 ಘನ ಅಡಿ ದಾಟಿದರೆ ಪಾರ್ಕಿನವರೇ ಮುಚ್ಚುತ್ತಾರೆ. ಎರಡನೆಯದು ಆ ದಿನದ ಹಠಾತ್ ಪ್ರವಾಹದ ಮುನ್ಸೂಚನೆ. ತಲೆಯ ಮೇಲೆ ಆಕಾಶ ನೀಲಿಯಾಗಿರುವುದಕ್ಕೆ ಏನೂ ಅರ್ಥವಿಲ್ಲ, ಮೈಲಿಗಟ್ಟಲೆ ದೂರದ ಬೆಟ್ಟದ ಮೇಲಿನ ಮಳೆ ಇಲ್ಲಿಗೆ ಬರುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಇದೇ ಪಾರ್ಕಿನ ಕೀಹೋಲ್ ಕ್ಯಾನ್ಯನ್‌ನಲ್ಲಿ ಏಳು ಜನ ಹೀಗೆಯೇ ತೀರಿಕೊಂಡರು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಡ್ಡಿ ಎಲೆ ತೇಲಿ ಬರತೊಡಗಿದರೆ, ಮೇಲಿನಿಂದ ಮೊರೆತ ಕೇಳಿದರೆ ಹಿಂದೆ ಓಡಬೇಡಿ; ಪಕ್ಕದ ಎತ್ತರದ ದಿಬ್ಬವೇರಿ ನೀರು ಇಳಿಯುವವರೆಗೆ ಅಲ್ಲೇ ಕೂರಿ.

ಏಂಜಲ್ಸ್ ಲ್ಯಾಂಡಿಂಗ್ ಪರ್ಮಿಟ್ ಸಿಕ್ಕಿದವರಿಗೆ ಹೋಗಿ ಬರಲು 5.4 ಮೈಲಿ, ಸುಮಾರು 1,500 ಅಡಿ ಏರು. ಕೊನೆಯ ಅರ್ಧ ಮೈಲಿ ಸರಪಳಿ ಹಿಡಿದು, ಎರಡೂ ಕಡೆ ಪ್ರಪಾತವಿರುವ ಕಿರಿದಾದ ಬಂಡೆಯ ನೆತ್ತಿಯ ಮೇಲೆ ಹೋಗಬೇಕು. ಎತ್ತರದ ಭಯವಿರುವವರು, ಮಕ್ಕಳು ಜೊತೆಗಿರುವವರು ಸರಪಳಿ ಶುರುವಾಗುವ ಮುಂಚಿನ ಸ್ಕೌಟ್ ಲುಕೌಟ್‌ನಲ್ಲೇ ನಿಲ್ಲಿ. ಅಲ್ಲಿಯವರೆಗೆ ಪರ್ಮಿಟ್ ಬೇಡ, ವಾಲ್ಟರ್ಸ್ ವಿಗಲ್ಸ್ ಎಂಬ 21 ತಿರುವುಗಳ ಸೊಗಸಾದ ಏರುದಾರಿಯೂ ಅದರಲ್ಲೇ ಸಿಗುತ್ತದೆ, ನೋಟದಲ್ಲಿ ಕಳೆದುಕೊಳ್ಳುವುದು ಕೊಂಚ. ಊರಿಂದ ಬಂದ ಅಪ್ಪ ಅಮ್ಮನಿಗೆ ನದಿಯ ಪಕ್ಕದ ಸಮತಟ್ಟಾದ ಪರೂಸ್ ಟ್ರೇಲ್ ಅಥವಾ ನ್ಯಾರೋಸ್‌ಗೆ ಹೋಗುವ ಆ ಸಿಮೆಂಟಿನ ದಾರಿ ಹಿತ.

ಬ್ರೈಸ್: ಒಂದು ರಾತ್ರಿ

ಮೂರನೇ ದಿನ ಪೂರ್ವಕ್ಕೆ ಹೊರಟರೆ 1930ರಲ್ಲಿ ಕೊರೆದು ಮುಗಿಸಿದ 1.1 ಮೈಲಿ ಉದ್ದದ ಸುರಂಗ ಸಿಗುತ್ತದೆ. ದಾಟಿದ ತಕ್ಷಣ ಕ್ಯಾನ್ಯನ್ ಓವರ್‌ಲುಕ್ ಟ್ರೇಲಿನ ಪುಟ್ಟ ಪಾರ್ಕಿಂಗ್. ಹೋಗಿ ಬರಲು ಒಂದೇ ಮೈಲಿ. ಎಂಟಕ್ಕೆ ಮುಂಚೆ ಬಂದವರಿಗೆ ಜಾಗ ಸಿಗುತ್ತದೆ. ಅಲ್ಲಿಂದ ಮೌಂಟ್ ಕಾರ್ಮೆಲ್ ಜಂಕ್ಷನ್‌ನಲ್ಲಿ ಹೆದ್ದಾರಿ 89 ಹಿಡಿದು ಬ್ರೈಸ್‌ಗೆ ಎರಡು ಗಂಟೆ.

ಬ್ರೈಸ್‌ನ ಅಂಚು 8,000 ಅಡಿಗೂ ಮೇಲೆ. ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಬಿಪಿ, ಹೃದಯದ ತೊಂದರೆ ಇರುವವರು ಮೊದಲ ಸಂಜೆ ಸನ್‌ಸೆಟ್ ಪಾಯಿಂಟಿನಿಂದ ಸನ್‌ರೈಸ್ ಪಾಯಿಂಟಿನವರೆಗಿನ ಅರ್ಧ ಮೈಲಿ ಸಮತಟ್ಟು ದಾರಿಯಲ್ಲಷ್ಟೇ ಅಡ್ಡಾಡಿ. ವರ್ಷದ ಅರ್ಧದಷ್ಟು ರಾತ್ರಿಗಳಲ್ಲಿ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ, ಹಗಲು ಕರಗಿ, ಬಂಡೆಯನ್ನು ಸೀಳಿ ಸೀಳಿ ನಿಲ್ಲಿಸಿದ ಕಂಬಗಳಿವು. ಹೂಡೂ ಎಂದು ಕರೆಯುತ್ತಾರೆ. ಬೆಳಗಿನ ಬಿಸಿಲು ಬಿದ್ದಾಗ ಕಂಬಗಳು ಒಳಗಿನಿಂದ ಹೊತ್ತಿಸಿದಂತೆ ಕಾಣುತ್ತವೆ, ಅದಕ್ಕಾಗಿ ಒಂದು ರಾತ್ರಿ ಇಲ್ಲಿ ಉಳಿಯಲೇಬೇಕು.

ಸೂರ್ಯೋದಯ ನೋಡಿದ ಕೂಡಲೇ ಸನ್‌ರೈಸ್ ಪಾಯಿಂಟಿನಿಂದ ಕ್ವೀನ್ಸ್ ಗಾರ್ಡನ್ ದಾರಿಯಲ್ಲಿ ಇಳಿದು, ನವಾಹೊ ಲೂಪ್ ಹತ್ತಿ ಸನ್‌ಸೆಟ್ ಪಾಯಿಂಟಿಗೆ ಬನ್ನಿ. ಒಟ್ಟು 2.9 ಮೈಲಿ, ಎರಡರಿಂದ ಮೂರು ಗಂಟೆ. ಈ ದಿಕ್ಕಿನಲ್ಲೇ ಹೋಗಿ: ಕ್ವೀನ್ಸ್ ಗಾರ್ಡನ್ ಇಳಿಜಾರು ಮೃದು, ಕಡಿದಾದ ನವಾಹೊವನ್ನು ಇಳಿಯುವುದಕ್ಕಿಂತ ಹತ್ತುವುದು ಮೊಣಕಾಲಿಗೆ ಸುಲಭ. ಸಡಿಲ ಜಲ್ಲಿ ಕಾಲಡಿ ಉರುಳುವುದರಿಂದ ಚಪ್ಪಲಿ, ನಯವಾದ ಅಡಿಯ ಶೂ ಹಾಕಿ ಇಳಿದವರು ಜಾರುತ್ತಾರೆ. ಮೇ ತಿಂಗಳಲ್ಲೂ ಬೆಳಿಗ್ಗೆ ಸೊನ್ನೆ ಡಿಗ್ರಿಯ ಆಸುಪಾಸು ಇರುತ್ತದೆ, ಟೋಪಿ ಮತ್ತು ಕೈಗವಸು ಕಾರಿನಲ್ಲಿರಲಿ.

ಪೇಜ್

ಬ್ರೈಸ್‌ನಿಂದ ಕನಾಬ್ ಮೇಲೆ 150 ಮೈಲಿ. ಇಲ್ಲಿ ಒಂದು ರಾತ್ರಿ ಉಳಿದು ಬೆಳಿಗ್ಗೆ ಹಾರ್ಸ್‌ಶೂ ಬೆಂಡ್ ಮುಗಿಸಿ. ಪಾರ್ಕಿಂಗ್ 10 ಡಾಲರ್, ಹೋಗಿ ಬರಲು 1.5 ಮೈಲಿ, ನೆರಳು ಇಲ್ಲವೇ ಇಲ್ಲ. ಕಟಕಟೆ ಸ್ವಲ್ಪ ದೂರಕ್ಕೆ ಮಾತ್ರ ಇದೆ, ಉಳಿದೆಡೆ ಅಂಚು ಬಯಲು. ಮಕ್ಕಳ ಕೈ ಬಿಡಬೇಡಿ.

ಆ್ಯಂಟಲೋಪ್‌ನಲ್ಲಿ ಅಪ್ಪರ್, ಲೋಯರ್ ಎಂದು ಎರಡು. ಸೂರ್ಯನ ಕಿರಣ ಕಂಬದಂತೆ ಇಳಿಯುವ ಫೋಟೊ ಬೇಕಾದವರಿಗೆ ಬೇಸಿಗೆಯ ನಡುಹಗಲಿನ ಅಪ್ಪರ್. ಲೋಯರ್ ಅಗ್ಗ, ಆದರೆ ಕಡಿದಾದ ಕಬ್ಬಿಣದ ಏಣಿಗಳನ್ನು ಇಳಿಯಬೇಕು. ಮೊಣಕಾಲು ನೋವಿರುವವರು ಮೆಟ್ಟಿಲುಗಳೆಷ್ಟೆಂದು ಕೇಳಿ ಬುಕ್ ಮಾಡಿ. ಬ್ಯಾಗು, ಟ್ರೈಪಾಡ್ ಬಿಡುವುದಿಲ್ಲ. ಮಳೆಯ ಸೂಚನೆ ಕಂಡು ಗೈಡ್ ಟೂರ್ ನಿಲ್ಲಿಸಿದರೆ ವಾದ ಮಾಡಬೇಡಿ. 1997ರ ಆಗಸ್ಟ್‌ನಲ್ಲಿ ದೂರದಲ್ಲೆಲ್ಲೋ ಬಿದ್ದ ಮಳೆ ಲೋಯರ್‌ಗೆ ನುಗ್ಗಿ 11 ಜನ ಸತ್ತಿದ್ದಾರೆ. ನವಾಹೊ ನಾಡಿನಲ್ಲಿ ಮದ್ಯ ನಿಷಿದ್ಧ, ಡ್ರೋನ್ ಹಾರಿಸುವಂತಿಲ್ಲ, ಜನರ ಫೋಟೊ ತೆಗೆಯುವ ಮುನ್ನ ಕೇಳಬೇಕು.

ಗ್ರ್ಯಾಂಡ್ ಕ್ಯಾನ್ಯನ್: ಎರಡು ರಾತ್ರಿ

ಪೇಜ್‌ನಿಂದ ಹೆದ್ದಾರಿ 89ರಲ್ಲಿ ದಕ್ಷಿಣಕ್ಕೆ ಕ್ಯಾಮರಾನ್‌ವರೆಗೆ ಹೋಗಿ, ಅಲ್ಲಿ ಬಲಕ್ಕೆ ತಿರುಗಿ 64 ಹಿಡಿದರೆ ಪೂರ್ವದ ಗೇಟು. ವಿಲಿಯಮ್ಸ್ ಕಡೆಯ ದಕ್ಷಿಣದ ಗೇಟಿಗಿಂತ ಇಲ್ಲಿ ಸಾಲು ಕಡಿಮೆ. ಒಳಗೆ ಬಂದ ತಕ್ಷಣ ವಾಸ್ತುಶಿಲ್ಪಿ ಮೇರಿ ಕೋಲ್ಟರ್ ವಿನ್ಯಾಸದ, 1932ರ ಡೆಸರ್ಟ್ ವ್ಯೂ ಗೋಪುರ. ಕೊಲೊರಾಡೊ ನದಿ ಕಣ್ಣಿಗೆ ಚೆನ್ನಾಗಿ ಕಾಣುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಸಂಜೆ ಅಲ್ಲಿಗೆ ತಲುಪುವಂತೆ ಹೊಂದಿಸಿ.

ಮರುದಿನ ಬೆಳಿಗ್ಗೆ ಸೌತ್ ಕೈಬಾಬ್ ಟ್ರೇಲ್. ಇದು ಬೆಟ್ಟದ ನೆತ್ತಿಯ ಗೆರೆಯ ಮೇಲೆಯೇ ಇಳಿಯುವುದರಿಂದ ಹೆಜ್ಜೆ ಹೆಜ್ಜೆಗೂ ಎರಡೂ ಕಡೆ ಕಮರಿ ತೆರೆದುಕೊಳ್ಳುತ್ತದೆ. ಕಡಿಮೆ ದೂರಕ್ಕೆ ಇಷ್ಟು ನೋಟ ಕೊಡುವ ಇನ್ನೊಂದು ದಾರಿ ಇಲ್ಲಿಲ್ಲ. ಟ್ರೇಲಿನ ಬಾಯಿಗೆ ಕಾರು ಬಿಡುವುದಿಲ್ಲ, ಶಟಲ್ ಹಿಡಿಯಬೇಕು. ಊ ಆ ಪಾಯಿಂಟಿಗೆ 0.9 ಮೈಲಿ, ಸೀಡರ್ ರಿಜ್‌ಗೆ 1.5 ಮೈಲಿ, ಸ್ಕೆಲಿಟನ್ ಪಾಯಿಂಟಿಗೆ 3 ಮೈಲಿ. ಹೆಚ್ಚಿನವರಿಗೆ ಸೀಡರ್ ರಿಜ್ ಸಾಕು. ಅಷ್ಟಕ್ಕೇ 1,100 ಅಡಿಗೂ ಹೆಚ್ಚು ಇಳಿದಿರುತ್ತೀರಿ. ದಾರಿಯಲ್ಲಿ ನೀರು ಎಲ್ಲೂ ಇಲ್ಲ, ತಲೆಗೆ ಎರಡು ಲೀಟರ್ ಹೊತ್ತೇ ಇಳಿಯಿರಿ.

ಬೆಟ್ಟ ಹತ್ತಿ ಅಭ್ಯಾಸವಿರುವವರೂ ಇಲ್ಲಿ ಮೋಸ ಹೋಗುತ್ತಾರೆ. ಬೆಟ್ಟದಲ್ಲಿ ದಣಿದಾಗ ಹಿಂದಿರುಗಿದರೆ ಇಳಿಜಾರು. ಇಲ್ಲಿ ಸುಲಭವಾದದ್ದು ಮೊದಲು, ಕಷ್ಟವೆಲ್ಲ ಕೊನೆಗೆ, ಅದೂ ಬಿಸಿಲೇರಿದ ಮೇಲೆ. ಇಳಿಯಲು ಹಿಡಿದ ಸಮಯದ ಎರಡರಷ್ಟು ಹತ್ತಲು ಬೇಕು. ಒಂದು ಗಂಟೆ ಇಳಿದರೆ ಎರಡು ಗಂಟೆ ಹತ್ತುವ ಲೆಕ್ಕ ಹಾಕಿ, ನೀರು ಮೂರನೇ ಒಂದು ಭಾಗ ಮುಗಿದಾಗ ತಿರುಗಿ. ಬೇಸಿಗೆಯಲ್ಲಿ ಹತ್ತರಿಂದ ನಾಲ್ಕರವರೆಗೆ ಕೆಳಗಿರಬೇಡಿ. ನದಿಯವರೆಗೆ ಇಳಿದು ಅದೇ ದಿನ ಹತ್ತಿ ಬರುವ ಸಾಹಸ ಬೇಡವೆಂದು ಪಾರ್ಕಿನವರು ಫಲಕ ಹಾಕಿದ್ದಾರೆ, ಅದನ್ನು ಅಕ್ಷರಶಃ ಪಾಲಿಸಿ. ಹೇಸರಗತ್ತೆಗಳ ಸಾಲು ಬಂದರೆ ಪ್ರಪಾತದ ಕಡೆಗಲ್ಲ, ಬೆಟ್ಟದ ಗೋಡೆಯ ಕಡೆಗೆ ಸರಿದು, ಅವು ದಾಟುವವರೆಗೆ ಅಲುಗಾಡದೆ ನಿಲ್ಲಿ. ಅಳಿಲುಗಳಿಗೆ ತಿಂಡಿ ಹಾಕಬೇಡಿ, ಕಚ್ಚುತ್ತವೆ.

ನೆರಳು, ನೀರು ಬೇಕೆನ್ನುವವರಿಗೆ ಬ್ರೈಟ್ ಏಂಜಲ್ ಟ್ರೇಲ್. ಒಂದೂವರೆ ಮೈಲಿಗೊಂದು, ಮೂರು ಮೈಲಿಗೊಂದು ವಿಶ್ರಾಂತಿ ಮನೆ. ಬೇಸಿಗೆಯಲ್ಲಿ ನಲ್ಲಿ ನೀರು ಇರುತ್ತದೆ, ಆದರೆ ಹಳೆಯ ಪೈಪು ಆಗಾಗ ಒಡೆಯುವುದರಿಂದ ಹೊರಡುವ ಮುನ್ನ ವಿಸಿಟರ್ ಸೆಂಟರಿನಲ್ಲಿ ಕೇಳಿ. ಇಳಿಯಲಾಗದ ಹಿರಿಯರಿಗೆ ಯವಪೈ ಮ್ಯೂಸಿಯಮ್ಮಿನಿಂದ ಗ್ರ್ಯಾಂಡ್ ಕ್ಯಾನ್ಯನ್ ವಿಲೇಜ್ ಕಡೆಗೆ ಅಂಚಿನ ಮೇಲೆ ಹೋಗುವ ಟ್ರೇಲ್ ಆಫ್ ಟೈಮ್ ಇದೆ. ನೆಲದಲ್ಲಿ ಮೀಟರಿಗೊಂದು ಗುರುತು, ಒಂದು ಮೀಟರಿಗೆ ಹತ್ತು ಲಕ್ಷ ವರ್ಷ. ಆಯಾ ಕಾಲದ ಬಂಡೆಯ ತುಂಡನ್ನೇ ದಾರಿಯ ಪಕ್ಕ ಇಟ್ಟಿದ್ದಾರೆ, ಕೈಯಿಂದ ಮುಟ್ಟಬಹುದು. ದಾರಿ ಸಮತಟ್ಟು, ಗಾಲಿಕುರ್ಚಿಯೂ ಸಾಗುತ್ತದೆ.

ಉತ್ತರದ ಅಂಚಿಗೆ ಹೋಗುವ ಯೋಚನೆ ಇದ್ದವರು ಪಾರ್ಕಿನ ಪುಟ ನೋಡಿಕೊಳ್ಳಿ. 2025ರ ಜುಲೈನ ಕಾಳ್ಗಿಚ್ಚಿನಲ್ಲಿ ಅಲ್ಲಿನ ಚಾರಿತ್ರಿಕ ಲಾಡ್ಜ್ ಸುಟ್ಟುಹೋಯಿತು.

ಮರಳುವ ದಾರಿ

ಗ್ರ್ಯಾಂಡ್ ಕ್ಯಾನ್ಯನ್‌ನಿಂದ ವೇಗಸ್‌ಗೆ 280 ಮೈಲಿ, ಊಟದ ನಿಲುಗಡೆ ಸೇರಿ ಆರು ಗಂಟೆ. ಐ–40ರಲ್ಲಿ ಪಶ್ಚಿಮಕ್ಕೆ ಹೋಗುವಾಗ 139ನೇ ಎಕ್ಸಿಟ್‌ನಲ್ಲಿ ಇಳಿದರೆ ಹಳೆಯ ಹೆದ್ದಾರಿ ರೂಟ್ 66 ಸಿಗುತ್ತದೆ. ಸೆಲಿಗ್‌ಮನ್, ಪೀಚ್ ಸ್ಪ್ರಿಂಗ್ಸ್ ಮೇಲೆ ಕಿಂಗ್‌ಮನ್‌ವರೆಗೆ ಅದರಲ್ಲೇ ಹೋಗಿ. ಮುಕ್ಕಾಲು ಗಂಟೆ ಹೆಚ್ಚು ಹಿಡಿದರೂ ರಸ್ತೆ ಖಾಲಿ, ಲಾರಿಗಳ ಕಾಟವಿಲ್ಲ. ಮುಂದೆ ಸಿಗುವ ಹೂವರ್ ಅಣೆಕಟ್ಟು ಹೆದ್ದಾರಿಯ ಸೇತುವೆಯಿಂದ ಕಾಣುವುದಿಲ್ಲ, ಪಕ್ಕದ ಗೋಡೆ ಮರೆ ಮಾಡುತ್ತದೆ. ಸೇತುವೆ ದಾಟಿ ನೆವಾಡಾ ಕಡೆ ಇಳಿದು, ತಪಾಸಣೆ ಮುಗಿಸಿ, ಕಾರು ನಿಲ್ಲಿಸಿ, ಮೆಟ್ಟಿಲು ಹತ್ತಿ ಸೇತುವೆಯ ಮೇಲಿನ ಕಾಲುದಾರಿಗೆ ಬಂದರೆ ಇಡೀ ಅಣೆಕಟ್ಟು ಕಾಲಡಿ ಕಾಣುತ್ತದೆ. ಗಾಳಿ ಜೋರು, ಟೋಪಿ ಹಿಡಿದುಕೊಳ್ಳಿ.

ಕಾರು ಒಪ್ಪಿಸುವ ಮುನ್ನ ವಿಮಾನ ನಿಲ್ದಾಣಕ್ಕೆ ಐದಾರು ಮೈಲಿ ದೂರದಲ್ಲೇ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ, ನಿಲ್ದಾಣದ ಪಕ್ಕದಲ್ಲಿ ದರ ಹೆಚ್ಚು. ಕಾರಿನ ನಾಲ್ಕು ಬದಿ, ಪೆಟ್ರೋಲಿನ ಮುಳ್ಳು, ಮೈಲಿ ಮೀಟರ್ ಇಷ್ಟನ್ನೂ ಫೋನಿನಲ್ಲಿ ವಿಡಿಯೊ ಮಾಡಿ. ಸೀಟಿನ ಕೆಳಗೆ, ಬಾಗಿಲಿನ ಜೇಬಿನಲ್ಲಿ ಕೈಯಾಡಿಸಿ ನೋಡಿ. ಪಾರ್ಕ್ ಪಾಸ್ ಹೆಚ್ಚಾಗಿ ಉಳಿದುಹೋಗುವುದು ಅಲ್ಲೇ, ಅದು ಕೊಂಡ ತಿಂಗಳಿಂದ ಒಂದು ವರ್ಷ ನಡೆಯುತ್ತದೆ.